ಕಾಲು ಹಿಡಿಯುವ ಹಸಿರು

ಆ ದಿನ ಬೆಳಿಗ್ಗೆ ಮಗಳು ಎದ್ದಾಗ ಹೊದಿಕೆ ಅವಳ ತೊಡೆಗೆ ಅಂಟಿಕೊಂಡಿತ್ತು. ಎಳೆದರೆ ಚರ್ಮವೂ ಜೊತೆಗೆ ಬರುವಂತಿತ್ತು. ಉಗುರುಬೆಚ್ಚಗಿನ ನೀರು ತಂದು ಬಟ್ಟೆ ನೆನೆಸಿ ಮೆಲ್ಲಮೆಲ್ಲನೆ ಬಿಡಿಸಿದೆ. ಕೆಳಗೆ ಅಂಗೈಯಗಲದ ಗಾಯ. ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ ಕೆಂಪಾಗಿ ಒಸರುತ್ತಿತ್ತು.

"ಎಂತದಿದು ಮಗಾ? ಎಲ್ಲಿ ಸುಟ್ಟುಕೊಂಡೆ?"

"ಸುಟ್ಟದ್ದಲ್ಲ ಅಮ್ಮ, ಟರ್ಫಲ್ಲಿ ಜಾರಿದ್ದು. ಟೀಮಲ್ಲಿ ಎಲ್ಲರಿಗೂ ಉಂಟು."

ಎಲ್ಲರಿಗೂ ಉಂಟು ಎನ್ನುವಾಗ ಅವಳ ದನಿಯಲ್ಲಿ ಸಣ್ಣದೊಂದು ಹೆಮ್ಮೆಯಿತ್ತು. ಅವಳಾಗ ಒಂಬತ್ತನೇ ತರಗತಿ. ನಮ್ಮ ಮನೆ ಪಾಣೆಮಂಗಳೂರಿನಲ್ಲಿ. ಗಂಡನಿಗೆ ಪೇಟೆಯಲ್ಲಿ ಪೈಂಟ್ ಅಂಗಡಿ, ನಾನು ಕಲ್ಲಡ್ಕದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮನೆಯಲ್ಲಿ ಯಾರಿಗೂ ಇಲ್ಲದ ಫುಟ್‌ಬಾಲ್ ಹುಚ್ಚು ಇವಳಿಗೆ ಎಲ್ಲಿಂದ ಬಂತೋ. ಮೊದಲೆಲ್ಲ ಆಡುತ್ತಿದ್ದದ್ದು ಶಾಲೆಯ ಮೈದಾನದಲ್ಲಿ. ಬಿಸಿಲುಗಾಲದಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಸರು. ಬಿದ್ದರೆ ಮೊಣಕೈ ತರಚುತ್ತಿತ್ತು, ಮುಲಾಮು ಹಚ್ಚಿದರೆ ಮುಗಿಯಿತು.

ಹೆದ್ದಾರಿ ಬದಿಯ ಮದುವೆ ಹಾಲಿನ ಹಿಂದೆ ಟರ್ಫ್ ಶುರುವಾದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ ಇರಬೇಕು. ಸುತ್ತಲೂ ಬಲೆ, ಮೇಲೆ ದೊಡ್ಡ ದೊಡ್ಡ ಲೈಟು, ಕಲ್ಲಿಲ್ಲ, ಹೊಂಡವಿಲ್ಲ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಬೇರೆ ಕೋಣೆ ಕೂಡ. ಮಳೆ ಬಂದರೂ ಹುಲ್ಲು ಹಸಿರು, ಬಿಸಿಲು ಬಂದರೂ ಹಸಿರು. ಅದು ಹುಲ್ಲಲ್ಲ, ಪ್ಲಾಸ್ಟಿಕ್ ನೂಲು ಎಂದು ಗೊತ್ತಿದ್ದರೂ ಕಣ್ಣಿಗೆ ತಂಪಾಗುತ್ತಿತ್ತು.

ಆ ಗಾಯ ನೋಡಿದ ಸಂಜೆ ಅವಳನ್ನು ಕರೆತರಲು ನಾನೇ ಹೋದೆ. ಮಾರ್ಚ್ ತಿಂಗಳು, ಬಿಸಿಲು ಇನ್ನೂ ಇಳಿದಿರಲಿಲ್ಲ. ಗೆರೆಯ ಬದಿಯಲ್ಲಿ ಕೂರೋಣವೆಂದು ಕೈ ಊರಿದವಳು ಥಟ್ಟನೆ ಹಿಂದಕ್ಕೆ ತೆಗೆದುಕೊಂಡೆ. ಕಾದ ಕಾವಲಿಯ ಹಾಗಿತ್ತು. ಅಂಗೈಗೆ ನೂಲಿನ ನಡುವೆ ತುಂಬಿದ ಕರೀ ರಬ್ಬರಿನ ಹುಡಿ ಹತ್ತಿತ್ತು. ಮನೆಯ ವಾಷಿಂಗ್ ಮೆಷಿನ್ನಿನ ತಳದಲ್ಲಿ, ಅವಳ ಕಾಲುಚೀಲದಲ್ಲಿ, ಒಮ್ಮೊಮ್ಮೆ ಕಿವಿಯೊಳಗೂ ಸಿಗುತ್ತಿದ್ದದ್ದು ಅದೇ ಹುಡಿ. ಗೋಲಿನ ಹತ್ತಿರ ಎರಡು ಹಾಸುಗಳನ್ನು ಅಂಟಿಸಿದ ಜಾಗ ಹಿಂದಿನ ಮಳೆಗೆ ಬಾಯಿಬಿಟ್ಟು, ಮೇಲೊಂದು ಟೇಪು ಬಿದ್ದಿತ್ತು. ಮಕ್ಕಳು ಅದನ್ನು ನೋಡದೆಯೇ ದಾಟಿ ಓಡುತ್ತಿದ್ದರು.

ಕೋಚ್ ಇನ್ನೂ ಚಿಕ್ಕ ಪ್ರಾಯದವರು. ಮೂಡುಬಿದಿರೆಯಲ್ಲಿ ಕಾಲೇಜು ಓದುವಾಗ ದೊಡ್ಡ ಟೀಮಿಗೆ ಆಡಿದವರಂತೆ. ಎಷ್ಟು ಹೊತ್ತು ನೋಡಿದರೂ ಅವರು ಬಲಗಾಲಿನಲ್ಲಿ ಚೆಂಡು ಒದೆಯಲೇ ಇಲ್ಲ. ಅವರ ಮಂಡಿಯ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತಿತ್ತು.

"ಅದು ಹಳೆಯದು ಟೀಚರ್," ಎಂದರು, ನಾನು ನೋಡಿದ್ದನ್ನು ಕಂಡು. "ಆಟ ಅಂದ ಮೇಲೆ ಆಗ್ತದೆ. ನೀವು ಹೆದರ್ಬೇಡಿ."

ಅವರು ಹಾಗೆಂದ ಮೇಲೆಯೇ ನನಗೆ ಹೆದರಿಕೆ ಶುರುವಾದದ್ದು.

ಅಲ್ಲಿಂದ ಮುಂದೆ ಕಿವಿಗೆ ಬಿದ್ದದ್ದೆಲ್ಲ ಒಂದೇ ಬಗೆಯ ಸುದ್ದಿ. ಬಿ.ಸಿ. ರೋಡಿನ ಹುಡುಗನೊಬ್ಬನ ಪಾದ ತಿರುಚಿತು. ನನ್ನದೇ ಕ್ಲಾಸಿನ ಹುಡುಗ ಅಂಗಾಲಿನಲ್ಲಿ ಬೊಕ್ಕೆ ಎದ್ದು ಕುಂಟುತ್ತ ಬಂದ. ಮಗಳು ಒಂದು ಸಂಜೆ ಕಾಲು ತೊಳೆಯುತ್ತ, ಮಾತಿನ ನಡುವೆ ಹೇಳಿದಳು:

"ಈ ಶೂ ಸ್ವಲ್ಪ ಹಿಡಿತದೆ ಅಮ್ಮ. ತಿರುಗುವಾಗ ಮೈ ಬರ್ತದೆ, ಕಾಲು ಬರುದಿಲ್ಲ."

ಅದು ದುಬೈಯಿಂದ ಅವಳ ಮಾಮ ತಂದ ಶೂ, ಅಡಿಯಲ್ಲಿ ಉದ್ದುದ್ದ ಮುಳ್ಳು. ಅದನ್ನು ಹಾಕಿಕೊಂಡರೆ ಕುದುರೆಯ ಹಾಗೆ ಓಡುತ್ತಾಳೆ ಎಂದು ಅವಳ ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಶೂ ಹಿಡಿಯುವುದು ಒಳ್ಳೆಯದೇ ಅಲ್ಲವೇ, ಜಾರುವುದಿಲ್ಲವಲ್ಲ ಎಂದುಕೊಂಡೆ ನಾನು.

ಏಪ್ರಿಲ್ ರಜೆಯಲ್ಲಿ ಮೂಡುಬಿದಿರೆಯ ಒಂದು ಟರ್ಫಿನಲ್ಲಿ ಟೂರ್ನಮೆಂಟ್ ಇತ್ತು. ನಮ್ಮ ಮಕ್ಕಳಿಗೆ ಬೆಳಿಗ್ಗೆ ಒಂದು ಮ್ಯಾಚು, ಊಟವಾದ ಮೇಲೆ ಇನ್ನೊಂದು. ನಾನೂ ಗಂಡನೂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಡೆದೇ ಹೋದೆವು. ಎರಡನೇ ಮ್ಯಾಚಿನ ಹೊತ್ತಿಗೆ ಟರ್ಫಿನ ಮೇಲೆ ಗಾಳಿಯೇ ನಡುಗುತ್ತಿತ್ತು, ಆಚೆ ಬದಿಯ ಗೋಲಿನ ಕಂಬ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು. ಮಕ್ಕಳು ನಡುನಡುವೆ ಬಾಟಲಿಯ ನೀರನ್ನು ಶೂ ಮೇಲೆ ಸುರಿದುಕೊಂಡು ಆಡುತ್ತಿದ್ದರು. ಚೆಂಡು ಮಗಳ ಕಾಲಿಗೆ ಬಂತು. "ಬಲಿಪು! ಬಲಿಪು!" ಎಂದು ಅವಳ ಗೆಳತಿಯರು ತುಳುವಿನಲ್ಲಿ ಓಡು ಓಡು ಎಂದು ಕೂಗಿದರು. ಓಡಿದಳು. ಎದುರಿಗೆ ಬಂದ ಹುಡುಗಿ ಇನ್ನೂ ದೂರದಲ್ಲಿದ್ದಳು. ಅವಳನ್ನು ತಪ್ಪಿಸಲು ಮಗಳು ಎಡಗಾಲು ಊರಿ ಬಲಕ್ಕೆ ತಿರುಗಿದಳು.

ಮೈ ತಿರುಗಿತು. ಕಾಲು ಅಲ್ಲೇ ನಿಂತಿತು.

ಯಾರೂ ಮುಟ್ಟಿರಲಿಲ್ಲ. ಹಸಿ ಕಡ್ಡಿ ಮುರಿದಂತೆ ಒಂದು ಸದ್ದು ನನಗೆ ಕೇಳಿಸಿತು. ಅಷ್ಟು ದೂರಕ್ಕೆ ಕೇಳಿಸಲು ಸಾಧ್ಯವೇ ಇಲ್ಲ ಎಂದು ಗಂಡ ಈಗಲೂ ಹೇಳುತ್ತಾರೆ. ಅವಳು ಮಂಡಿ ಹಿಡಿದುಕೊಂಡು ಮಗ್ಗುಲಾದಳು. ಒಂದೇ ಸಲ ಕಿರುಚಿದಳು, ಆಮೇಲೆ ಸದ್ದಿಲ್ಲ. ಓಡಿ ಹೋಗಿ ಪಕ್ಕದಲ್ಲಿ ಕೂತರೆ, ಕಾದ ನೆಲ ಸೀರೆಯೊಳಗಿಂದ ನನ್ನ ಮೊಣಕಾಲು ಸುಡುತ್ತಿತ್ತು. ಅದರ ಮೇಲೆಯೇ ಅವಳು ಮಲಗಿದ್ದಳು.

"ಅಮ್ಮ, ಒಳಗೆ ಎಂತದೋ ಬಿಟ್ಟುಹೋಯ್ತು," ಎಂದಳು ನನ್ನ ಕೈ ಹಿಡಿದು. ಕೋಚ್ ಅವಳನ್ನು ಎತ್ತಿಕೊಂಡರು. ಅವರ ಮುಖ ಬಿಳುಚಿತ್ತು. ಅದು ಏನೆಂದು ಅಲ್ಲಿದ್ದವರಲ್ಲಿ ಅವರಿಗೊಬ್ಬರಿಗೇ ಗೊತ್ತಿತ್ತು.

ಮಂಗಳೂರಿನ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಂಡಿಯ ಒಳಗೆ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ ಪೂರ್ತಿ ತುಂಡಾಗಿತ್ತು. ತೊಡೆಯ ಹಿಂದಿನಿಂದ ಒಂದು ಎಳೆ ತೆಗೆದು ಅಲ್ಲಿ ಹಗ್ಗದ ಹಾಗೆ ಕಟ್ಟಬೇಕು ಎಂದರು.

"ಎಲ್ಲ ಆ ಟರ್ಫಿಂದ ಆದದ್ದಲ್ವಾ ಡಾಕ್ಟ್ರೇ?" ಎಂದು ಕೇಳಿದೆ.

"ಟರ್ಫ್ ಒಂದನ್ನೇ ದೂರುದು ಸರಿಯಲ್ಲ ಅಮ್ಮ. ಗದ್ದೆಯಲ್ಲಿ ಆಡಿಯೂ ಹೀಗೆ ಮಾಡಿಕೊಂಡು ಬರ್ತಾರೆ. ಹೆಣ್ಣುಮಕ್ಕಳ ಮಂಡಿಗೆ ಇದು ಸ್ವಲ್ಪ ಹೆಚ್ಚು. ಬೆಳೆಯುವ ಪ್ರಾಯ, ಒಂದೇ ದಿನ ಎರಡು ಮ್ಯಾಚು, ಸುಸ್ತು. ಯಾವ ಶೂ ಹಾಕಿದ್ದು?"

ಗಂಡ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಡಾಕ್ಟರು ತಲೆಯಾಡಿಸಿದರು. "ಇದು ಹುಲ್ಲಿನ ನೆಲದ್ದು. ಮಣ್ಣಾದರೆ ಕಾಲು ಸ್ವಲ್ಪ ಜಾರ್ತದೆ, ಬಿಟ್ಟುಕೊಡ್ತದೆ. ಆ ಹಾಸು ಬಿಡುದಿಲ್ಲ. ಅದು ಬಿಡದಿದ್ದರೆ ಮಂಡಿಯೇ ಬಿಡಬೇಕು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಇನ್ನೊಂದು ಮಂಡಿಯನ್ನೂ ನೋಡಿಕೊಳ್ಳಿ. ಒಂದು ಹೋದವರಿಗೆ ಇನ್ನೊಂದೂ ಹೋಗುವ ಸಂಭವ ಉಂಟು."

ಆ ಕೊನೆಯ ಮಾತನ್ನು ಮಗಳು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸದವಳ ಹಾಗೆ ಇದ್ದಳು.

ಆಪರೇಷನ್ ಆಗಿ, ಊರುಗೋಲು ಹಿಡಿದು ನಡೆಯುತ್ತಿದ್ದ ದಿನಗಳಲ್ಲೇ ಅವಳ ಟೀಮಿಗೆ ಬೆಳ್ತಂಗಡಿಯ ಒಂದು ಟರ್ಫಿನಲ್ಲಿ ಮ್ಯಾಚು ಬಂತು. ತಾನೂ ಹೋಗಲೇಬೇಕು ಎಂದು ಹಟ ಹಿಡಿದಳು. ಮೇ ತಿಂಗಳ ಕೊನೆ, ಮಳೆ ಇನ್ನೂ ಹಿಡಿದಿರಲಿಲ್ಲ. ಮಧ್ಯಾಹ್ನದ ಮ್ಯಾಚು. ಕಾರಿಳಿದವಳು ನೇರ ಗೆರೆಯ ಹತ್ತಿರ ಹೋಗಿ, ಕಷ್ಟಪಟ್ಟು ಬಗ್ಗಿ, ಹಾಸಿನ ಮೇಲೆ ಅಂಗೈ ಇಟ್ಟಳು. ಗೆಳತಿಯರನ್ನು ಕರೆದು, "ನೀವೂ ಇಡಿ," ಎಂದಳು. ಒಬ್ಬೊಬ್ಬಳೇ ಇಟ್ಟು ಕೈ ತೆಗೆದರು. ಯಾರಿಗೂ ಹೆಚ್ಚು ಹೊತ್ತು ಇಡಲಾಗಲಿಲ್ಲ.

"ಸರ್, ಇವರು ಈಗ ಆಡುದು ಬೇಡ. ಬಿಸಿಲು ಇಳಿಯಲಿ," ಎಂದಳು ಕೋಚಿಗೆ.

ಟೂರ್ನಮೆಂಟ್ ನಡೆಸುವವರು ಓಡಿ ಬಂದರು. "ಎಂತ ಮಾರಾಯ್ರೆ, ಇಷ್ಟು ಜನ ಬಂದಿದ್ದಾರೆ! ಆಡುದಿಲ್ಲ ಅಂದ್ರೆ ಎದುರು ಟೀಮಿಗೆ ಗೆಲುವು ಕೊಡ್ತೇವೆ."

ಕೋಚ್ ಬೆಂಚಿನ ಮೇಲೆ ಕೂತು ತಮ್ಮ ಶೂ ಬಿಚ್ಚತೊಡಗಿದರು. "ಕೊಡಿ. ನನ್ನ ಮಕ್ಕಳು ಈಗ ಇಳಿಯುದಿಲ್ಲ."

ಗಲಾಟೆಯಾಯಿತು. ಅಷ್ಟರಲ್ಲಿ ಎದುರು ಟೀಮಿನ ಹುಡುಗಿಯೊಬ್ಬಳ ಅಪ್ಪ ತಾನೂ ಬಗ್ಗಿ ನೆಲ ಮುಟ್ಟಿ ನೋಡಿದರು. ತಮ್ಮ ಮಗಳನ್ನು ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಆಮೇಲೆ ವಾದ ಮಾಡಲು ಯಾರೂ ಉಳಿಯಲಿಲ್ಲ. ಸಂಜೆ ನೀರು ಹಾಯಿಸಿ ಮ್ಯಾಚು ಆಡಿಸಿದರು. ನಮ್ಮವರು ಸೋತರು. ಮುಂದಿನ ವರ್ಷ ಆ ಟೂರ್ನಮೆಂಟಿನವರು ನಮ್ಮ ಟೀಮನ್ನು ಕರೆಯಲಿಲ್ಲ.

ಮಗಳು ಮತ್ತೆ ಆಡುತ್ತಾಳೆ. ಡಾಕ್ಟರು ಒಪ್ಪುವವರೆಗೆ ಕಾದಳು, ದಿನಾ ವ್ಯಾಯಾಮ ಮಾಡಿದಳು, ಅಡಿಯಲ್ಲಿ ಮುಳ್ಳಿನ ಬದಲು ಸಣ್ಣ ಗುಬ್ಬಿಗಳಿರುವ ಟರ್ಫಿನ ಶೂ ಹಾಕುತ್ತಾಳೆ. ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಆಡದ ಆ ತಿಂಗಳುಗಳಲ್ಲಿ ಅವಳು ಗೋಡೆ ನೋಡುತ್ತ ಕೂತದ್ದನ್ನು ಕಂಡವಳು ನಾನು. ಅವಳು ತಿರುಗುವಾಗೆಲ್ಲ ನನ್ನ ಕಣ್ಣು ಅವಳ ಮಂಡಿಯ ಮೇಲೆಯೇ ಇರುತ್ತದೆ. ಅವಳಿಗೆ ಅದು ಗೊತ್ತಾಗಬಾರದೆಂದು ಚಪ್ಪಾಳೆ ತಟ್ಟುತ್ತೇನೆ. ಈ ನಡುವೆ ನಮ್ಮ ಸುತ್ತಮುತ್ತ ಹೊಸ ಹೊಸ ಟರ್ಫುಗಳಾಗಿವೆ. ರಸ್ತೆಯಲ್ಲಿ ಹೋಗುವಾಗ ಬಲೆಯೊಳಗೆ ಬಿಸಿಲಲ್ಲಿ ಓಡುವ ಮಕ್ಕಳು ಕಾಣುತ್ತಾರೆ.

ಹೋದ ವಾರ ಫೋನ್ ಬಂತು. ಗುರುತಿಲ್ಲದ ಹೆಂಗಸು, ಬೆಳ್ತಂಗಡಿಯ ಆಚೆಯವರು. ನಂಬರ್ ಕೋಚ್ ಕೊಟ್ಟದ್ದಂತೆ.

"ಟೀಚರ್, ನನ್ನ ಮಗಳು ಮೊನ್ನೆ ಟರ್ಫಲ್ಲಿ ಬಿದ್ದಳು. ಯಾರೂ ಮುಟ್ಟಲಿಲ್ಲ, ಸುಮ್ಮನೆ ತಿರುಗಿದ್ದು. ಮಂಡಿ ಬಾತಿದೆ. ಉಳುಕಿರಬೇಕು ಅಂತ ಎಣ್ಣೆ ಹಚ್ಚಿ ತಿಕ್ಕಿದೆವು. ನಿಮ್ಮ ಮಗಳಿಗೂ ಹೀಗೆಯಾ ಆದದ್ದು?"

ಇಂಥ ಕರೆ ಬಂದದ್ದು ಇದೇ ಮೊದಲಲ್ಲ. ಹೌದು, ಹೀಗೆಯೇ ಎಂದೆ. ಪಕ್ಕದಲ್ಲೇ ಕೂತು ಕೇಳುತ್ತಿದ್ದ ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಆಂಟಿ, ತಿಕ್ಕಬೇಡಿ. ನಡೆಸಲೂ ಬೇಡಿ. ಕಾಲಡಿಗೆ ದಿಂಬು ಇಡಿ, ನಾಳೆ ಬೆಳಿಗ್ಗೆಯೇ ಡಾಕ್ಟರಲ್ಲಿ ಹೋಗಿ. ಅವಳಿಗೆ ಫೋನ್ ಕೊಡ್ತೀರಾ?"

ಆಚೆಯಿಂದ ಹುಡುಗಿಯ ಅಳು ಕೇಳಿಸಿತು. ಮಗಳು ಅದು ನಿಲ್ಲುವವರೆಗೆ ಕಾದಳು.

"ಕಾಲು ಊರುವಾಗ ಮಂಡಿ ಒಳಗೆ ತಪ್ಪಿದ ಹಾಗೆ ಆಗ್ತದಾ?" ಎಂದು ಕೇಳಿದಳು. ಉತ್ತರ ನನಗೆ ಕೇಳಿಸಲಿಲ್ಲ. ಮಗಳು ಕಣ್ಣು ಮುಚ್ಚಿಕೊಂಡದ್ದು ಮಾತ್ರ ಕಂಡಿತು.