ಕೇರಿಯೊಳಗೆ ಡಂಗುರ

ಜುಗೂಳದ ಕಡೆ, ಹೊಳೆದಂಡೆಯ ಊರು ನಮ್ಮದು. ಊರಿಗೆಲ್ಲ ಡಂಗುರ ಸಾರುವ ಹಲಗಿ ನಮ್ಮ ಕಾಕಾನದು. ಆದರೆ ಅವನು ಸಾರುತ್ತಿದ್ದದ್ದು ಮೇಲಿನ ಓಣಿಗಳಲ್ಲಿ ಮಾತ್ರ. ಊರ ಸಭೆಗೂ ನಮ್ಮ ಕೇರಿಗೂ ಏನು ಸಂಬಂಧ? ಕೇರಿಯೊಳಗೆ ಹಲಗಿ ಕೇಳಿದರೆ ಯಾರೋ ಸತ್ತರೆಂದೇ ಲೆಕ್ಕ.

ತೊಂಬತ್ತರ ದಶಕದಲ್ಲಿ ಹೊಸ ಗ್ರಾಮ ಪಂಚಾಯ್ತಿ ಬಂದು, ಮೀಸಲು ಸೀಟಿನಿಂದ ನಮ್ಮವ್ವ ಮೆಂಬರಾದಳು. ಅವಳ ತಲೆಯಲ್ಲಿದ್ದದ್ದು ಒಂದೇ ಮಾತು. ಮಳೆಗಾಲ ಬಂತೆಂದರೆ ಹೊಳೆ ದಂಡೆಯನ್ನು ಕೊರೆದು, ನಮ್ಮವರನ್ನು ಹುಗಿದ ನೆಲವನ್ನೇ ಒಯ್ಯುತ್ತಿತ್ತು. ಅಪ್ಪನ ಕುಣಿಯ ಅಂಚಿಗೆ ನೀರು ಬಂದಿತ್ತು. ಅವ್ವನಿಗೆ ಎತ್ತರದ ಗಾಯರಾಣದಲ್ಲಿ, ಊರ ದನ ಮೇಯುವ ಸರಕಾರಿ ಜಾಗದಲ್ಲಿ, ಹೆಣ ಹುಗಿಯಲು ಒಂದು ತುಂಡು ನೆಲ ಬೇಕಿತ್ತು. ಅಲ್ಲಿ ಆಗಲೇ ದೊಡ್ಡವರ ಕಬ್ಬು ಎದೆಮಟ್ಟ ನಿಂತಿತ್ತು.

"ನಿಮ್ಮ ಕೇರ್ಯಾಗಿನವ್ರು ಒಬ್ಬರೂ ಸಭಾಕ್ಕ ಬರೂದಿಲ್ಲ. ಜಾಗಾ ಕೇಳವ್ರ ಯಾರ ಅದಾರವಾ?" ಎಂದು ಅಧ್ಯಕ್ಷರು ನಗುತ್ತಿದ್ದರು. ಆ ನಗೆ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಕರೆಯದೆ ಬರಲು ನಾವೇನು ಕಾಗೆಗಳೇ? ಕೇರಿಯೊಳಗೂ ಡಂಗುರ ಆಗಬೇಕೆಂದು ಅವ್ವ ಹಟ ಹಿಡಿದಳು. ಅಧ್ಯಕ್ಷರು ಆಗಲಿ ಎಂದರು. ಅವರು ಒಪ್ಪಿದ್ದನ್ನು ಅವ್ವ ಮನೆಯಲ್ಲಿ ಹೇಳಿರಲಿಲ್ಲ.

ಸಭೆಯ ದಿನ ಬೆಳಿಗ್ಗೆ ಹೊಳೆಯಿಂದ ಎದ್ದ ಮಂಜು ಕೇರಿಯನ್ನೂ ಊರನ್ನೂ ನುಂಗಿತ್ತು. ಅದರೊಳಗಿಂದ ಹಲಗಿಯ ಸದ್ದು ಬಂತು. ಹೆಂಗಸರು ಹೊರಬಂದು, ಯಾರ ಮುಖ ಕಾಣುತ್ತಿಲ್ಲವೆಂದು ಹುಡುಕತೊಡಗಿದರು. ನಮ್ಮ ಆಯಿ, ಅಪ್ಪನ ತಾಯಿ, ಉರಿಯುವ ಒಲೆಗೆ ನೀರು ಸುರಿದಳು. ಹೆಣ ಹೋಗುವತನಕ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ.

"ಯಾರ ಹೋದ್ರಲೇ?"

"ಯಾರೂ ಹೋಗಿಲ್ಲಬೇ ಯವ್ವಾ," ಎಂದ ಕಾಕಾ. "ಚಾವಡಿ ಮುಂದ ಸಭಾ ಐತಿ. ನೀವೂ ಬರಬೇಕಂತ."

ಯಾರೂ ನಂಬಲಿಲ್ಲ. ಸತ್ತವರ ಹೆಸರು ಮುಚ್ಚಿಡುತ್ತಿದ್ದಾನೆಂದು ತಿಳಿದು ಇಡೀ ಕೇರಿ ಅವನ ಹಿಂದೆ ನಡೆಯಿತು. ಹೆಂಗಸರೆಲ್ಲ ತಲೆ ತುಂಬ ಸೆರಗು ಹೊದ್ದಿದ್ದರು. ಅವ್ವ ನಸುಕಿನಲ್ಲೇ ಮನೆ ಬಿಟ್ಟಿದ್ದಳು. ಹೋದವಳು ಅವಳೇ ಇರಬಹುದೇ?

ಚಾವಡಿ ಮುಂದೆ ಅವ್ವ ಕುರ್ಚಿಯ ಮೇಲೆ ಕೂತಿದ್ದಳು. ನನಗೆ ಹೋದ ಜೀವ ಬಂತು. ನಾವು ಸದ್ದಿಲ್ಲದೆ ಬಂದು ನಿಂತದ್ದನ್ನು ನೋಡಿ ಅಧ್ಯಕ್ಷರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. ಅವ್ವ ಎದ್ದು ನಿಂತು ಗಾಯರಾಣದ ಮಾತು ಹೇಳಿದಳು.

"ಒಪ್ಪಿಗಿ ಇದ್ದವ್ರು ಕೈ ಎತ್ರಿ," ಎಂದರು ಅಧ್ಯಕ್ಷರು.

ಮೇಲಿನ ಓಣಿಯವರ ಕೈಗಳು ತೊಡೆಯ ಮೇಲೇ ಇದ್ದವು. ನಾವು ಎತ್ತಿದೆವು. ಸೆಕ್ರೆಟರಿ ಎಣಿಸುತ್ತ, ಹಿಂದಿನ ಸಾಲಿನತ್ತ ಮಂಜಿನೊಳಗೆ ಹೋದರು. ಅವಸರದಿಂದ ತಿರುಗಿ ಬಂದು ಮತ್ತೆ ಮೊದಲಿನಿಂದ ಎಣಿಸಿದರು. ಆ ಚಳಿಯಲ್ಲೂ ಅವರ ಹಣೆ ಬೆವರಿತ್ತು.

"ಅಧ್ಯಕ್ಷರ, ಇವ್ರ ಕೇರ್ಯಾಗ ಇಷ್ಟ ಮಂದಿ ಇಲ್ರಿ."

ನಮ್ಮಲ್ಲಿ ಯಾರೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಅಧ್ಯಕ್ಷರು ನೋಡಿದರು. ನೋಡಿದವರೇ, ಚಿಕ್ಕೋಡಿಯ ಎ.ಸಿ. ಸಾಹೇಬರ ಕಚೇರಿಗೆ ಕಳಿಸಲು ಠರಾವು ಬರೆಯಿರೆಂದರು. ಸೆಕ್ರೆಟರಿ ಪೆನ್ನಿನ ಮುಚ್ಚಳ ತೆಗೆದರು.

"ಎಷ್ಟ ಮಂದಿ ಅಂತ ಬರೀಲಿ?"

"ಕೈ ಎತ್ತಿದವ್ರನ್ನ ಎಲ್ಲಾರನೂ ಬರ್ಕೋರಿ, ಹಿಂದ ನಿಂತವ್ರನ್ನೂ," ಎಂದಳು ಆಯಿ. "ಜಾಗಾ ಬೇಕಾಗಿದ್ದು ಅವ್ರಿಗೇ ಅಲ್ಲೇನ್ರಿ?"