ನೆವಾರ್ಕಿನಲ್ಲಿ ಬಿಟ್ಟ ಬಿರುದು

ಮೊನ್ನೆ ಮಗಳು ತನ್ನ ಮದುವೆಯ ಕರೆಯೋಲೆಗಳಿಗೆ ಕೆಂಪು ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದಳು. ಈಗ ಇಲ್ಲಿ ಅಮೆರಿಕದಲ್ಲಿ ಅದೊಂದು ಫ್ಯಾಷನ್. ಸುಟ್ಟ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಈಸ್ಟ್ ಬ್ರನ್ಸ್‌ವಿಕ್‌ನ ಓನರ್ ಅಜ್ಜಿ ಕಣ್ಮುಂದೆ ಬಂದು ನಿಂತರು...

ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಎರಡು ಸಾವಿರದ ಇಸವಿಗೆ ಮುಂಚೆ ತಿದ್ದುವ ವೈಟುಕೆ ಗಲಾಟೆಯಲ್ಲಿ ಅಮೆರಿಕಕ್ಕೆ ಬಂದ ನಾವು ಗಂಡ ಹೆಂಡತಿ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅಜ್ಜಿ ಸ್ಪೇನಿನವರು, ವಿಧವೆ, ಮಕ್ಕಳಿಲ್ಲ. ಅವರ ಮನೆತನಕ್ಕೆ ತಲೆಮಾರುಗಳಿಂದ ಬಂದ ಕೌಂಟ್ ಬಿರುದಿತ್ತು. ಮುನ್ನೂರು ವರ್ಷದ ಹಿಂದೆ ಪೂರ್ವಜನೊಬ್ಬ ಬರಗಾಲದಲ್ಲಿ ತನ್ನ ಹೊಲಗಳನ್ನು ಮಾರಿ ಊರಿಗೆ ಕಾಲುವೆ ತೋಡಿಸಿದನಂತೆ. ಮೆಚ್ಚಿದ ಅರಸ ಬಿರುದು ಕೊಟ್ಟನಂತೆ. “ಕತ್ತಿ ಹಿಡಿದು ಗಳಿಸಿದ್ದಲ್ಲ” ಎನ್ನುವಾಗ ಅಜ್ಜಿಯ ಬೆನ್ನು ನೆಟ್ಟಗಾಗುತ್ತಿತ್ತು.

ಮನೆಗೆ ಹಿರಿಯ ಮಗಳು ಇವರೇ. ಆದರೆ ಗಂಡುಮಗನಿದ್ದರೆ ಹೆಣ್ಣಿಗಿಲ್ಲ ಎಂಬ ಆಗಿನ ಕಾನೂನಿನಂತೆ ಬಿರುದು ತಮ್ಮನಿಗೆ ಹೋಗಿತ್ತು. ಆ ತಮ್ಮ ಮಕ್ಕಳಿಲ್ಲದೆ ತೀರಿಕೊಂಡ. ವರ್ಷದೊಳಗೆ ಅಜ್ಜಿ ದಾಖಲೆ ಸಮೇತ ಅರ್ಜಿ ಹಾಕದಿದ್ದರೆ ಬಿರುದಿಗೆ ದೂರದ ದಾಯಾದಿಗಳು ಕೈಚಾಚುತ್ತಿದ್ದರು. ವಂಶಾವಳಿ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ನಾನೋ ಮಹಾ ಜಾಣ. ಹುಟ್ಟಿದ ವರ್ಷಗಳನ್ನೆಲ್ಲ ಎರಡೇ ಅಂಕಿಯಲ್ಲಿ ಹಾಕಿ, ಆ ಪ್ರಕಾರವೇ ಜೋಡಿಸಿಬಿಟ್ಟೆ. ಮೊಮ್ಮಗ ಮೇಲೆ, ಅಜ್ಜ ಕೆಳಗೆ. ಹೆಂಡತಿ ಧಾರವಾಡದವಳು, ಬಿಡುತ್ತಾಳೆಯೇ? “ಆಫೀಸಿನ್ಯಾಗ ದಿನಾಪೂರ್ತಿ ಇದನ್ನ ಫಿಕ್ಸ್ ಮಾಡ್ತೀರಿ, ಮನೀಗೆ ಬಂದು ಇದನ್ನ ಮಾಡೀರಲ್ರೀ” ಎಂದಳು. ಅಜ್ಜಿ ಬೈಯಲಿಲ್ಲ. ಪಕ್ಕದಲ್ಲೇ ಕೂತು ಹನ್ನೊಂದು ತಲೆಮಾರನ್ನೂ ತಿದ್ದಿಸಿ, ಕಾಗದದ ಕಟ್ಟಿಗೆ ತಾವೇ ಅರಗಿನ ಮುದ್ರೆ ಒತ್ತಿದರು.

ಸ್ಪೇನಿನ ಈಗಿನ ಅರಸನ ಹೆಸರಿನಲ್ಲಿ ಬಿರುದಿನ ಪತ್ರ ಬಂತು. ಅಜ್ಜಿ ಕೌಂಟೆಸ್ ಆದರು. ಮರುವಾರವೇ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿದರು. ಅಮೆರಿಕದ ಪ್ರಜೆಯಾಗಬೇಕಾದರೆ ಇಂಥ ಬಿರುದನ್ನು ಬಿಟ್ಟೆನೆಂದು ಪ್ರಮಾಣ ಮಾಡಬೇಕು. ನನಗೆ ಸಿಟ್ಟೇ ಬಂತು. “ಇಷ್ಟೆಲ್ಲ ಒದ್ದಾಡಿದ್ದು ಬಿಡೋದಕ್ಕಾ?” ಎಂದು ಕೇಳಿದೆ.

“ನಲವತ್ತು ವರ್ಷದಿಂದ ಇಲ್ಲಿ ಓಟು ಹಾಕ್ಬೇಕು ಅಂತ ಆಸೆ. ಆದರೆ ಫಾರಮ್ಮಿನಲ್ಲಿ ಬಿರುದು ಇಲ್ಲ ಅಂತ ಬರೀಬೇಕಿತ್ತು. ಹಿರೀ ಮಗಳು ನಾನು, ಹೇಗೆ ಬರೀಲಿ? ಈಗ ಇದೆ ಅಂತ ಬರೆದೆ” ಎಂದರು.

ಪ್ರಮಾಣವಚನದ ದಿನ ನಾವಿಬ್ಬರೂ ಅಜ್ಜಿಯ ಜೊತೆ ನೆವಾರ್ಕಿಗೆ ಹೋಗಿದ್ದೆವು. ಬಿಡುವ ಬಿರುದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಅಜ್ಜಿ ಎದ್ದು ನಿಂತು, ಊರಿನ ಹೆಸರು ಸಹಿತ, ಇಡೀ ಹಾಲ್‌ಗೆ ಕೇಳುವಂತೆ ಹೇಳಿದರು. ಜನ ತಿರುಗಿ ನೋಡಿದರು. ನನ್ನ ಸ್ವಂತ ಅಜ್ಜಿಯೇನೋ ಎಂಬಷ್ಟು ಹೆಮ್ಮೆಯಾಯಿತು ನನಗೆ...

ಅವರು ತೀರಿಹೋಗಿ ಬಹಳ ವರ್ಷವಾಯಿತು. ಕಳೆದ ಬೇಸಿಗೆಯಲ್ಲಿ ಅವರ ಊರಿಗೆ ಹೋಗಿದ್ದೆವು. ಕಾಲುವೆಯ ಪಕ್ಕದ ಕಲ್ಲಿನಲ್ಲಿ ಬಿರುದು ಹೊತ್ತವರ ಹೆಸರುಗಳನ್ನೆಲ್ಲ ಕೆತ್ತಿದ್ದಾರೆ. ಕೊನೆಯದು ತಮ್ಮನದು. ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇದೆ. ಅದರ ಮುಂದೆ ನಿಂತಾಗ ಅಜ್ಜಿಯಿಲ್ಲವೆಂಬುದು ಹೊಸದಾಗಿ ಚುಚ್ಚಿತು. ಅಲ್ಲಿ ಅವರ ಹೆಸರನ್ನೂ ಕೆತ್ತಿಸಿ ಎಂದು ಆ ಊರಿನ ಮುನ್ಸಿಪಾಲಿಟಿಗೆ ಎರಡು ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಇವತ್ತು ಮೂರನೆಯದು ಬರೆಯುತ್ತಿದ್ದೇನೆ.