ಎರಡು ಯಂತ್ರಗಳ ನಡುವಿನ ಅಮಾವಾಸ್ಯೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಆದವಾನಿಯ ಒಂದು ಹತ್ತಿ ಗಿರಣಿಯವರ ಬಳಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಊರಿಗೆ ಆಗ ಅದು ಹೊಸ ಪ್ರಾಣಿ. ನೋಡಲು ಬಂದವರು ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು, ಕೆಲವರು ಕೈಮುಗಿದು ಹೋದದ್ದೂ ಉಂಟು. ಅರ್ಚಕರ ಮಗಳು ಗಿರಣಿಯವರ ಕೈಕೆಳಗೆ ದುಡಿಯುವುದೇ ಎಂದು ನಮ್ಮ ಬೀದಿಯಲ್ಲಿ ಮೂಗು ಮುರಿದವರು ಇದ್ದರು. ಅವರ ಮೂಗು, ಅವರು ಮುರಿದುಕೊಂಡರು. ನಾನು ಮಾತ್ರ ಒಂದು ದಿನವೂ ತಪ್ಪದೆ ಕೆಲಸಕ್ಕೆ ಹೋದೆ.

ಯಂತ್ರಗಳು ಎರಡಿದ್ದವು. ಒಂದು ಪೇಟೆಯ ಆಫೀಸಿನಲ್ಲಿ, ನನ್ನ ಮುಂದೆ. ಇನ್ನೊಂದು ಊರಾಚೆಯ ಗಿರಣಿಯಲ್ಲಿ. ಅದನ್ನು ನಡೆಸುತ್ತಿದ್ದವನು ಪೆದ್ದಕಡುಬೂರು ಕಡೆಯ ಕುರಿ ಸಾಕುವವರ ಮನೆಯ ಮಗ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಗಿರಣಿಗೆ ಹತ್ತಿ ಬಂದಾಗಲೆಲ್ಲ ಅವನು ಒಂದೊಂದು ಲೋಡಿಗೆ ಒಂದೊಂದು ಫೈಲು ಮಾಡುತ್ತಿದ್ದ: ಯಾರು ತಂದರು, ಎಂಥ ಹತ್ತಿ, ಯಾವ ರಾಶಿಗೆ ಸುರಿದರು. ಊರಿಗೊಂದು ಡೈರೆಕ್ಟರಿ, ಅಂದರೆ ಆ ಊರಿನ ಫೈಲುಗಳನ್ನೆಲ್ಲ ಇಡುವ ಖಾನೆ. ಹೆಸರಿಗೆ ಎಂಟಕ್ಕಿಂತ ಹೆಚ್ಚು ಇಂಗ್ಲಿಷ್ ಅಕ್ಷರ ಹಿಡಿಯುತ್ತಿರಲಿಲ್ಲವಾದ್ದರಿಂದ ಅವನ ಊರು ಬರೀ ‘ಪೆದ್ದಕಡ್’ ಆಗಿ ನಿಂತಿತ್ತು. ‘ನಮ್ಮೂರಿನ ಬಾಲ ಕತ್ತರಿಸ್ಯಾರ ನೋಡ್ರಿ ಅಕ್ಕಾರ’ ಎಂದು ನಗುತ್ತಿದ್ದ.

ಸಂಜೆ ಅವನು ಸೈಕಲ್ಲಿನ ಮೇಲೆ ಫ್ಲಾಪಿ ತರುವನು. ಅದರಲ್ಲಿ ಹಳೆಯ ಫೈಲುಗಳೂ ಇರುತ್ತಿದ್ದವು. ಎಲ್ಲವನ್ನೂ ಮತ್ತೆ ನಕಲು ಮಾಡುತ್ತ ಕೂತರೆ ಮನೆ ಸೇರುವುದು ಯಾವಾಗ? ಯಂತ್ರ ಮಾರಿದವರೇ ಒಂದು ಉಪಾಯ ಹೇಳಿಕೊಟ್ಟಿದ್ದರು. ಹಿಂದಿನ ಸಲ ಎಲ್ಲಿಯವರೆಗೆ ತೆಗೆದುಕೊಂಡಿದ್ದೆವೋ ಅದರ ಮರುದಿನದಿಂದ ಈಚೆಯ ತಾರೀಕು ಇರುವ ಫೈಲುಗಳನ್ನಷ್ಟೇ ತೆಗೆದುಕೋ ಎಂದು ಯಂತ್ರಕ್ಕೆ ಹೇಳುವುದು. ಐದು ನಿಮಿಷದ ಕೆಲಸ. ಹೀಗೆ ಗಿರಣಿಯಲ್ಲಿ ಇರುವುದೆಲ್ಲ ಪೇಟೆಯಲ್ಲೂ ಇದೆ ಎಂದು ನಾವು ನಂಬಿಕೊಂಡಿದ್ದೆವು.

ಹತ್ತಿಯ ಹಂಗಾಮು ಮುಗಿಯುತ್ತ ಬಂದಾಗ ಗಿರಣಿಯ ಒಡೆಯರಾದ ಸಾವುಕಾರರು ಎರಡೂ ಕಡೆಯ ಪ್ರಿಂಟು ತರಿಸಿ ನೋಡಿದರು. ಗಿರಣಿಯ ಯಂತ್ರದಲ್ಲಿದ್ದ ಕೆಲವು ಲೋಡುಗಳು ಪೇಟೆಯ ಯಂತ್ರದಲ್ಲಿ ಇರಲಿಲ್ಲ. ಅವುಗಳ ಮೇಲಿದ್ದ ತಾರೀಕಿನ ಸಂಜೆ ಅವನು ಫ್ಲಾಪಿ ತಂದಿದ್ದ, ನಾನು ನಕಲು ಮಾಡಿಕೊಂಡಿದ್ದೆ. ಅವತ್ತು ಇಲ್ಲದ ಫೈಲು ಆಮೇಲೆ ಹಳೆಯ ತಾರೀಕು ಹೊತ್ತು ಎಲ್ಲಿಂದ ಬಂತು? ಯಾರಿಂದಲೋ ದುಡ್ಡು ತಿಂದು, ಅವರ ಕಳಪೆ ಹತ್ತಿಯನ್ನು ನಮ್ಮ ರಾಶಿಗೆ ಸೇರಿಸಿ, ಹಿಂದಿನ ತಾರೀಕು ಹಾಕಿ ಮುಚ್ಚಿದ್ದಾನೆ ಎಂದು ಸಾವುಕಾರರು ತೀರ್ಮಾನಿಸಿಬಿಟ್ಟರು. ಅವರಿಗೆ ಲೆಕ್ಕ ಕೇಳುವಾಗ ಕನ್ನಡ, ಸಿಟ್ಟು ಬಂದಾಗ ತೆಲುಗು. ಗಿರಣಿಯ ಅಂಗಳದಲ್ಲಿ ಮೇಸ್ತ್ರಿ, ಹಮಾಲರು ಎಲ್ಲರ ಮುಂದೆ ಅವನನ್ನು ನಿಲ್ಲಿಸಿಕೊಂಡು ‘ದೊಂಗ’ ಎಂದರು. ಕಳ್ಳ ಎಂದರೆ ಅದು ಯಾವ ಭಾಷೆಯಲ್ಲಾದರೂ ಕಳ್ಳನೇ.

ಮರುದಿನ ಅವನು ನನ್ನ ಹತ್ತಿರ ಬಂದು, ‘ಕೆಲಸ ಹೋದ್ರ ಹೋಗ್ಲಿ ಅಕ್ಕಾರ, ಕುರಿ ಅದಾವು. ಆದ್ರ ಈ ಮಾತು ನಮ್ಮೂರಿಗೆ ಮುಟ್ಟಿದ್ರ ನಮ್ಮಪ್ಪ ಸಂತಿಗೆ ಹೆಂಗ ಹೋಗಬೇಕ್ರಿ?’ ಎಂದ. ನನಗೆ ಸಿಟ್ಟು ಬಂತು, ಏಕೆಂದರೆ ಸಾವುಕಾರರು ಹಿಡಿದು ಕೂತಿದ್ದ ಸಾಕ್ಷಿ ನನ್ನ ಯಂತ್ರದ್ದು.

ಸಾವುಕಾರರು ಗುಂಟೂರಿಗೆ ಹೊರಟಿದ್ದರು. ತಾವು ಬರುವುದರೊಳಗೆ ಎರಡೂ ಯಂತ್ರಗಳನ್ನು ಹೋಲಿಸಿ ಎಲ್ಲೆಲ್ಲಿ ವ್ಯತ್ಯಾಸ ಇದೆ ಎಂದು ತೆಗೆದಿಡಲು ಹೇಳಿದರು. ಆಮೇಲೆ ಅವನನ್ನು ಕೆಲಸದಿಂದ ಬಿಡಿಸುವುದು ಎಂದಿತ್ತು. ಮ್ಯಾನೇಜರು ಪ್ರತಿಯೊಂದು ಫೈಲನ್ನೂ ತೆರೆದು ಓದಿ ತಾಳೆ ನೋಡಬೇಕೆಂದರು. ‘ಹಾಗೆ ಓದಿದರೆ ಮುಂದಿನ ವರ್ಷದ ಹತ್ತಿ ಬರ್ತದ ಸಾರ್’ ಎಂದೆ. ಅವರಿಗೆ ನನ್ನ ಬಾಯಿ ಮೊದಲಿನಿಂದಲೂ ಸೇರುತ್ತಿರಲಿಲ್ಲ.

ನಮ್ಮ ಮನೆಗೆ ಅಗಸರು ಬಟ್ಟೆ ತಂದಾಗ ಅಮ್ಮ ಪ್ರತಿ ಬಟ್ಟೆಯನ್ನೂ ಬಿಡಿಸಿ ನೋಡುತ್ತಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಗುಡ್ಡೆ ಮಾಡಿ ಎಣಿಸುವಳು, ಎಣಿಕೆ ತಪ್ಪಿದ ಗುಡ್ಡೆಯನ್ನು ಮಾತ್ರ ಕೆದಕುವಳು. ನಾನೂ ಹಾಗೆಯೇ ಮಾಡಿದೆ. ಪೇಟೆಯ ಯಂತ್ರದ ಪಟ್ಟಿಯನ್ನು ಪ್ರಿಂಟು ತೆಗೆದುಕೊಂಡು ಗಿರಣಿಗೆ ಹೋಗಿ ಕೂತೆ. ಮೊದಲು ಊರೂರಿನ ಡೈರೆಕ್ಟರಿಯಲ್ಲಿ ಎಷ್ಟು ಫೈಲು ಎಂದು ಮಾತ್ರ ನೋಡುವುದು. ಕೌತಾಳಂ ಸರಿಹೋಯಿತು. ಸಿ. ಬೆಳಗಲ್ ಸರಿಹೋಗಲಿಲ್ಲ. ಸರಿಹೋದಲ್ಲಿ ಹೆಸರು, ಅಳತೆ, ತಾರೀಕುಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿ ಮುಂದೆ ಹೋಗುವುದು. ಸರಿಹೋಗದಲ್ಲಿ ನಿಂತು ಒಂದೊಂದೇ ಸಾಲಿಗೆ ಪೆನ್ಸಿಲ್ ಗುರುತು ಹಾಕುವುದು. ಅಳತೆ, ತಾರೀಕು ಎರಡೂ ತಾಳೆಯಾದ ಫೈಲನ್ನು ತೆರೆಯಲಿಲ್ಲ. ಮ್ಯಾನೇಜರಿಗೆ ಸಂಶಯ ಬಾರದಿರಲೆಂದು ಅಲ್ಲೊಂದು ಇಲ್ಲೊಂದು ತೆರೆದು ತೋರಿಸಿದೆ.

ಕೆಲಸ ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಯಾವ ಫೈಲಿನಲ್ಲೂ ತಿದ್ದುಪಡಿಯಾಗಿರಲಿಲ್ಲ. ಪೇಟೆಯಲ್ಲಿ ಇಲ್ಲದವು ಕೆಲವು ಮಾತ್ರ, ಅವೂ ಬೇರೆ ಬೇರೆ ಊರಿನವು, ಎಲ್ಲವೂ ಲಾರಿಯಲ್ಲಿ ಬಂದವು. ಬಂಡಿಯಲ್ಲಿ ಬಂದದ್ದು ಒಂದೂ ಇರಲಿಲ್ಲ. ತಾರೀಕುಗಳೂ ಚೆಲ್ಲಾಪಿಲ್ಲಿಯಾಗಿರಲಿಲ್ಲ. ತಿಂಗಳಿಗೆ ಒಂದೇ ತಾರೀಕು, ಮುಂದಿನ ತಿಂಗಳು ಅದು ಒಂದೋ ಎರಡೋ ದಿನ ಹಿಂದಕ್ಕೆ ಸರಿದಿರುತ್ತಿತ್ತು. ಕಳ್ಳತನ ಮಾಡುವವನು ಇಷ್ಟು ನೇಮದಿಂದ ಮಾಡುತ್ತಾನೆಯೇ?

ಅವನನ್ನೇ ಕೇಳಿದೆ. ‘ನಿಜ ಹೇಳಪ್ಪಾ, ಯಾವತ್ತಾದರೂ ಸುಳ್ಳು ತಾರೀಕು ಹಾಕಿದ್ದೀಯಾ?’

‘ದೇವರಾಣಿ ಇಲ್ರಿ ಅಕ್ಕಾರ’ ಎಂದ. ಅವನ ಮುಖ ನೋಡಿದರೆ ಸುಳ್ಳು ಹೇಳುವವನ ಹಾಗಿರಲಿಲ್ಲ. ನನಗೆ ದಾರಿ ಕಾಣದಾಯಿತು.

ಆ ಸಂಜೆ ಪಟ್ಟಿಯನ್ನು ಮನೆಗೆ ತಂದು ಪಡಸಾಲೆಯಲ್ಲಿ ಹರಡಿಕೊಂಡು ಕೂತಿದ್ದೆ. ಅಪ್ಪ ದೇವರ ಮನೆಯಿಂದ ಕೂಗಿದರು: ‘ನಾಳೆ ಅಮಾವಾಸ್ಯಿ. ತರ್ಪಣಕ್ಕ ಎಳ್ಳು ಅದ ಏನು ನೋಡು.’

ಎಳ್ಳು ನೋಡಲು ಎದ್ದವಳು ಅಲ್ಲೇ ನಿಂತುಬಿಟ್ಟೆ. ಅಮಾವಾಸ್ಯೆ ದಿನ ನಮ್ಮ ಸೀಮೆಯಲ್ಲಿ ರೈತರು ಎತ್ತು ಹೂಡುವುದಿಲ್ಲ, ಬಂಡಿ ಕಟ್ಟುವುದಿಲ್ಲ. ಬಂದರೆ ಲಾರಿಯೇ ಬರಬೇಕು. ಪೇಟೆಯ ಆಫೀಸಿನಲ್ಲಿ ಅವತ್ತು ಪೂಜೆ ಮಾತ್ರ, ಬರವಣಿಗೆ ಇಲ್ಲ, ನನಗೆ ರಜೆ. ಅಪ್ಪನ ಪಂಚಾಂಗ ತೆಗೆದು ಗುರುತು ಹಾಕಿದ ತಾರೀಕುಗಳನ್ನು ಹಿಡಿದು ನೋಡಿದೆ. ಒಂದೂ ಅಮಾವಾಸ್ಯೆಯಲ್ಲ. ಎಲ್ಲವೂ ಅಮಾವಾಸ್ಯೆಯ ಹಿಂದಿನ ದಿನ.

ಬೆಳಿಗ್ಗೆ ರಜೆಯಿದ್ದರೂ ಗಿರಣಿಗೆ ಹೋದೆ. ಅವನು ಯಂತ್ರಕ್ಕೆ ಊದುಕಡ್ಡಿ ಬೆಳಗಿ ಸ್ವಿಚ್ಚು ಹಾಕಿದ. ಆಗಿನ ಯಂತ್ರಗಳಿಗೆ ದಿನದ ನೆನಪು ಇರುತ್ತಿರಲಿಲ್ಲ. ಎದ್ದ ಕೂಡಲೇ ಇವತ್ತು ತಾರೀಕು ಎಷ್ಟು ಎಂದು ಕೇಳುತ್ತಿದ್ದವು. ಅವನು ನನ್ನ ಕಣ್ಣೆದುರಿಗೇ, ಒಂದಿಷ್ಟೂ ಅಳುಕದೆ, ನಿನ್ನೆಯ ತಾರೀಕು ಹೊಡೆದ.

‘ಇದೇನಪ್ಪಾ! ಸುಳ್ಳು ತಾರೀಕು ಹಾಕಿಲ್ಲ ಅಂದಿದ್ದೆ?’

‘ಇದು ಸುಳ್ಳು ಹೆಂಗ ಆಗತೈತ್ರಿ ಅಕ್ಕಾರ? ಅಮಾಸಿ ದಿನ ಅಮಾಸಿ ತಾರೀಕು ಯಾರ ಹಾಕ್ತಾರ್ರಿ? ಹಿಂದಿನ ದಿನದ್ದ ಹಾಕು ಅಂತ ಮಿಷನ್ ಬಂದ ದಿನಾನ ಸಾವುಕಾರ್ರು ಹೇಳ್ಯಾರ. ಅವರ ಮುತ್ಯಾನ ಕಾಲದಿಂದ ಲೆಕ್ಕದ ಪುಸ್ತಕದಾಗೂ ಹಂಗ ಬರೀತಾರಂತ.’

ನಗಬೇಕೋ ಅವನ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ. ಚಪ್ಪಲಿ ಹೊರಗೆ ಬಿಟ್ಟೆ ಎಂದು ಯಾರಾದರೂ ಬಂದು ಹೇಳುತ್ತಾರೆಯೇ? ಅವನಿಗೂ ಅದು ಹೇಳಬೇಕಾದ ಸಂಗತಿ ಅನಿಸಿರಲಿಲ್ಲ. ಅಮಾವಾಸ್ಯೆ ದಿನದ ಫೈಲು ಹಿಂದಿನ ದಿನದ ತಾರೀಕು ಹೊತ್ತು ಕೂರುತ್ತಿತ್ತು. ಆ ಹಿಂದಿನ ದಿನದ ನಕಲು ಆಗಲೇ ಮುಗಿದಿರುತ್ತಿತ್ತು. ಮರುದಿನ ನಾನು ಈಚಿನ ತಾರೀಕಿನದನ್ನಷ್ಟೇ ಕೊಡು ಎಂದಾಗ ಪೇಟೆಯ ಯಂತ್ರ ಅದನ್ನು ಹಳೆಯದೆಂದು ಬಿಟ್ಟುಬಿಡುತ್ತಿತ್ತು. ಯಂತ್ರವೂ ಹೇಳಿದ ಹಾಗೆ ಕೇಳಿತ್ತು, ಇವನೂ ಹೇಳಿದ ಹಾಗೆ ಕೇಳಿದ್ದ. ಕಳ್ಳನೆಂಬ ಹೆಸರು ಮಾತ್ರ ಇವನಿಗೆ ಬಂದಿತ್ತು.

ಅಷ್ಟು ಹೊತ್ತಿಗೆ ಸಾವುಕಾರರ ಜೀಪು ಬಂತು. ಅಮಾವಾಸ್ಯೆ ಪೂಜೆ ತಪ್ಪಬಾರದೆಂದು ಗುಂಟೂರಿನಿಂದ ರಾತ್ರಿಯೇ ಬಂದಿದ್ದರು. ಪೂಜೆಯಾಗಿ, ಕುಂಬಳಕಾಯಿ ಒಡೆದು, ಹಮಾಲರು ಪ್ರಸಾದಕ್ಕೆ ಅಂಗಳದಲ್ಲಿ ಸೇರುವವರೆಗೆ ಕಾದೆ. ಆಮೇಲೆ ಸಾವುಕಾರರನ್ನು ಯಂತ್ರದ ಕೋಣೆಗೆ ಕರೆದು ಪಟ್ಟಿ, ಪಂಚಾಂಗ ಎರಡನ್ನೂ ಮುಂದಿಟ್ಟೆ. ಅವರು ತಾರೀಕುಗಳ ಮೇಲೆ ಬೆರಳಿಟ್ಟು ಒಂದೊಂದನ್ನೂ ನೋಡಿದರು. ಬುದ್ಧಿವಂತರು, ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.

‘ಅಂದ್ರ ನಾನ ಹೇಳಿದ್ದು’ ಎಂದರು.

‘ಹೌದ್ರೀ. ನೀವೇ ಹೇಳಿದ್ದು’ ಎಂದೆ. ಸ್ವಲ್ಪ ಮೆತ್ತಗೆ ಹೇಳಬಹುದಿತ್ತು, ನನಗೆ ಬರಲಿಲ್ಲ.

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಅವನ ಕಡೆ ನೋಡದೆಯೇ, ‘ಸರೆ, ಅವನ ಕೆಲಸ ಅವಗ ಇರ್ಲಿ. ಇನ್ನ ಮ್ಯಾಲೆ ಇದ್ದ ತಾರೀಕ ಹಾಕ್ಲಿ. ದೇವರಿಗೆ ನಾ ಹೇಳ್ಕೋತೀನಿ’ ಎಂದು ಬಾಗಿಲ ಕಡೆ ತಿರುಗಿದರು. ನನಗೆ ಎದೆ ಹಗುರಾಯಿತು. ಇಷ್ಟೇ ಸಾಕಲ್ಲ ಎಂದುಕೊಂಡೆ.

ಅವನಿಗೆ ಸಾಕಾಗಲಿಲ್ಲ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಪರದೆಯ ಮೇಲೆ ಅದೇ ಪ್ರಶ್ನೆ ಬಂತು. ಅವನು ಕೈ ಕಟ್ಟಿಕೊಂಡು ಎದ್ದು ನಿಂತ.

‘ತಾರೀಕು ಹಾಕತೀನ್ರಿ ಸಾವುಕಾರ್ರ. ಆದ್ರ ಹೊರಗ ಮೇಸ್ತ್ರಿ ಅದಾನ್ರಿ, ಹಮಾಲರು ಅದಾರ್ರಿ. ಅವತ್ತ ಅವರ ಮುಂದ ಅಂದಿದ್ರಿ. ಇದನ್ನೂ ಅವರ ಮುಂದ ಹೇಳ್ರಿ.’

ದನಿ ಏರಿಸಿರಲಿಲ್ಲ. ಇನ್ನು ಇವನ ಕೆಲಸವೂ ಹೋಯಿತು, ನನ್ನದೂ ಹೋಯಿತು ಎಂದುಕೊಂಡೆ. ಸಾವುಕಾರರು ಅಂಗಳಕ್ಕಿಳಿದು ಮೇಸ್ತ್ರಿಯನ್ನು ಹೆಸರು ಹಿಡಿದು ಕೂಗಿದರು. ಹಮಾಲರು ಕೊಬ್ಬರಿ ಅಗಿಯುವುದನ್ನು ನಿಲ್ಲಿಸಿದರು.

‘ಅವತ್ತ ಇವನ್ನ ಏನ ಅಂದಿದ್ನೋ ಅದು ಸುಳ್ಳು. ತಪ್ಪು ನಂದು’ ಎಂದರು. ಸಿಟ್ಟಿನ ತೆಲುಗಿನಲ್ಲಲ್ಲ, ಕನ್ನಡದಲ್ಲೇ ಹೇಳಿದರು.

ಅವನು ಕೂತು ಅಮಾವಾಸ್ಯೆಯ ತಾರೀಕು ಹೊಡೆದ.